ತಾಯಿಯ ಹೇಳಿಕೆ ದೃಢಪಟ್ಟಿಲ್ಲ

"ಆರಾಮ ಇದ್ದೀರೇನ್ರಿ?" ಎಂದು ಯಂತ್ರ ಕೇಳಿತು.

"ಆರಾಮ್ರಿ," ಎಂದೆ.

ಎಂದದ್ದೇ ತಡ, ನನ್ನ ಹೊಟ್ಟೆಯಿಂದ ಒಂದು ಗೇಣು ಮೇಲೆ ನಿಂತಿದ್ದ ಸೂಜಿ ಸರ್ರನೆ ಹಿಂದೆ ಸರಿದು ತನ್ನ ಗೂಡು ಸೇರಿತು. ಎಲ್ಲೋ ಒಳಗೆ ಟಕ್ಕೆಂದು ಕೀಲಿ ಬಿದ್ದ ಸದ್ದಾಯಿತು. ಗೋಡೆಯ ಪರದೆಯ ಮೇಲೆ ಕೆಂಪು ಅಕ್ಷರಗಳು ಮೂಡಿದವು: ತಾಯಿಯ ಹೇಳಿಕೆ ದೃಢಪಟ್ಟಿಲ್ಲ. ಅದರ ಪಕ್ಕದಲ್ಲಿ ನನ್ನ ಅಂಜಿಕೆಯ ಅಂಕಿ, ಎಪ್ಪತ್ತೊಂದು, ಮಿನುಗುತ್ತಲೇ ಇತ್ತು.

ನಿಜ ಹೇಳಬೇಕೆಂದರೆ ನನಗೆ ಮೊದಲು ಆದದ್ದು ಖುಷಿ. ಸೂಜಿ ತಪ್ಪಿತಲ್ಲ! ಶಾಲೆಗೆ ಲಸಿಕೆ ಹಾಕುವವರು ಬಂದ ದಿನ ಬಚ್ಚಲಲ್ಲಿ ಅಡಗಿ ಕುಳಿತಿದ್ದ ಹುಡುಗಿ ನಾನು. ನನಗೆ ಮೂವತ್ತೊಂದು ತುಂಬಿದರೂ ಆ ಹುಡುಗಿ ಬಚ್ಚಲಿನಿಂದ ಹೊರಗೆ ಬಂದಿಲ್ಲ. ಆ ಖುಷಿ ಎರಡು ಉಸಿರಿನಷ್ಟು ಹೊತ್ತು ಇತ್ತು. ಆಮೇಲೆ ಡಾಕ್ಟರ್ ಶಾಹೀನ್ ಅವರ ಮುಖ ನೋಡಿದೆ.

"ಇವತ್ತ ಆಗಂಗಿಲ್ಲ ದಾಕ್ಷಾಯಿಣಿ," ಎಂದರು ಅವರು, ಕೈಗವಸು ಕಳಚುತ್ತ. "ಒಮ್ಮೆ ಕೀಲಿ ಬಿತ್ತಂದ್ರ ಎರಡು ದಿನ ತಗಿಯೂದಿಲ್ಲ ಅದು. ಬುಧವಾರ ಬರ್ರಿ. ಅಷ್ಟರಾಗ ಒಂದೀಟು ಧೈರ್ಯ ತಂದ್ಕೋರಿ."

ಧೈರ್ಯ ತಂದುಕೊಳ್ಳುವುದೆಂದರೆ ಸಂತೆಯಿಂದ ಬದನೆಕಾಯಿ ತಂದಂತೆ ಎಂದು ಎಲ್ಲರೂ ತಿಳಿದಿದ್ದಾರೆ.

ಸಂಗತಿ ಇಷ್ಟು. ನನ್ನ ರಕ್ತದ ಗುಂಪು ನೆಗೆಟಿವ್. ಹೊಟ್ಟೆಯಲ್ಲಿರುವ ಕೂಸಿಗೆ ಅಪ್ಪನಿಂದ ಬಂದದ್ದು ಪಾಸಿಟಿವ್. ನನ್ನ ರಕ್ತ ಕೂಸಿನ ರಕ್ತವನ್ನು ಮನೆಗೆ ನುಗ್ಗಿದ ಕಳ್ಳನೆಂದು ತಿಳಿದು ಹೊಡೆಯುತ್ತಿತ್ತು. ಇಪ್ಪತ್ತಾರು ವಾರದ ಕೂಸಿನ ರಕ್ತ ದಿನದಿನಕ್ಕೆ ತೆಳ್ಳಗಾಗುತ್ತಿತ್ತು. ಹೊಸ ರಕ್ತ ಕೊಡಬೇಕು, ಅದನ್ನು ನನ್ನ ಹೊಟ್ಟೆಯ ಮೂಲಕ, ಗರ್ಭಕೋಶದ ಗೋಡೆಯ ಮೂಲಕ ಸೂಜಿ ಇಳಿಸಿ, ಬೆಂಕಿಕಡ್ಡಿಗಿಂತ ತುಸುವೇ ದಪ್ಪವಿರುವ ಹೊಕ್ಕುಳಬಳ್ಳಿಯ ರಕ್ತನಾಳಕ್ಕೇ ಕೊಡಬೇಕು. ಬರುವ ಶುಕ್ರವಾರ ದಾಟಿದರೆ ಕೂಸಿನ ಮೈಯಲ್ಲಿ ನೀರು ತುಂಬಿಕೊಳ್ಳತೊಡಗುತ್ತದೆ, ಆಮೇಲೆ ರಕ್ತ ಕೊಟ್ಟರೂ ಉಳಿಯುವ ಭರವಸೆ ಇಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು.

ಹಿಂದೆ ಈ ಕೆಲಸವನ್ನು ಕೈಯಿಂದ ಮಾಡುವ ವೈದ್ಯರಿದ್ದರಂತೆ. ಈಗ ಆ ಕೈಗಳಿಲ್ಲ, ಯಂತ್ರ ಬಂದ ಮೇಲೆ ಆ ವಿದ್ಯೆ ಯಾರೂ ಕಲಿಯಲಿಲ್ಲ. ಯಂತ್ರದ ಹೆಸರು ಗರ್ಭಸ್ಪರ್ಶ. ಆಸ್ಪತ್ರೆಯವರು ಅದನ್ನು ಸೂಜಿಯವ್ವ ಎನ್ನುತ್ತಾರೆ. ತಾಯಿ ಉಸಿರೆಳೆದರೆ ಅದರ ತೋಳೂ ಮೇಲೇಳುತ್ತದೆ, ಕೂಸು ಮಗ್ಗಲು ಬದಲಿಸಿದರೆ ಸೂಜಿಯೂ ಬದಲಿಸುತ್ತದೆ, ಸೆಕೆಂಡಿಗೆ ನೂರು ಸಲ ಲೆಕ್ಕ ಹಾಕುತ್ತದೆ. ಅದಕ್ಕೆ ಎಲ್ಲವೂ ಕಾಣುತ್ತದೆ, ಆದರೆ ನೋವು ಗೊತ್ತಾಗುವುದಿಲ್ಲ. ನೋವು ಗೊತ್ತಾಗುವುದು ತಾಯಿಗೆ. ಆದ್ದರಿಂದ ಮಂಪರು ಬರಿಸುವಂತಿಲ್ಲ, ತಾಯಿ ಎಚ್ಚರವಿದ್ದು ಯಂತ್ರದೊಡನೆ ಮಾತನಾಡುತ್ತಿರಬೇಕು. ಮೊದಲಿಗೆ ಅದು ಒಂದು ಪ್ರಶ್ನೆ ಕೇಳುತ್ತದೆ. ಉತ್ತರ ಕೇಳುತ್ತಲೇ ನಾಡಿ, ಬೆವರು, ದನಿಯ ನಡುಕ, ಹೊಟ್ಟೆಯ ಸ್ನಾಯು, ಎಲ್ಲ ನೋಡಿ ಮುಂದುವರಿಯಬೇಕೋ ಬೇಡವೋ ತೀರ್ಮಾನಿಸುತ್ತದೆ.

ಅಂಜಿದವರನ್ನು ಅದು ಮುಟ್ಟುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಎಲ್ಲರ ನಂಬಿಕೆ. ಅಂಜಿದರೆ ಗರ್ಭಕೋಶ ಬಿಗಿಯುತ್ತದೆ, ಅದಕ್ಕೆ ಕೀಲಿ. ಬೇರೆ ಊರಿಗೆ ಓಡೋಣವೆಂದರೆ ಎಲ್ಲ ಊರಿನ ಸೂಜಿಯವ್ವಂದಿರೂ ಒಂದೇ ದಾಖಲೆ ಓದುತ್ತಾರೆ. ಒಬ್ಬಳು ಬೇಡವೆಂದವಳನ್ನು ಇನ್ನೊಬ್ಬಳೂ ಎರಡು ದಿನ ಮುಟ್ಟುವುದಿಲ್ಲ.

"ಬ್ಯಾರೆ ಜಿಲ್ಲಾದಾಗ ಹತ್ತು ಮಂದಿಗೆ ಒಬ್ರಿಗೆ ಕೀಲಿ ಬೀಳ್ತದ," ಎಂದು ಡಾಕ್ಟರ್ ಶಾಹೀನ್ ನನ್ನ ಗಂಡನಿಗೆ ಹೇಳುತ್ತಿದ್ದುದು ಕೇಳಿಸಿತು. "ನಮ್ಮ ಕಡೆ ಹತ್ತಕ್ಕ ಆರು. ನಮ್ಮ ಹೆಣ್ಮಕ್ಕಳು ಅಷ್ಟ್ಯಾಕ ಅಂಜತಾರೋ ನನಗ ತಿಳಿವಲ್ದು."

ಬೆಟಗೇರಿಯ ನಮ್ಮ ಮನೆಯಲ್ಲಿ ಮುಂದಿನ ಕೊಠಡಿಯ ತುಂಬ ಮಗ್ಗ. ನಾವು ಬಂದಾಗ ಅತ್ತೆ ಗುರುಸಿದ್ದವ್ವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದರು. ಲಾಳಿ ನಿಂತಿತು.

"ಆತೇನು?"

"ಇಲ್ಲಬೇ. ಬುಧವಾರ ಬರಾಕ ಹೇಳ್ಯಾರ," ಎಂದ ನನ್ನ ಗಂಡ ಶಿವಯೋಗಿ.

"ಯಾಕ?"

"ಅಂಜಿದ್ಲಂತ."

ಅತ್ತೆ ನನ್ನನ್ನು ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಕೈ ಎತ್ತಿದರು. "ಏನೂ ಅನಬ್ಯಾಡ. ಅಂಜಿಕಿ ಪಂಜಿಕಿ ಅನ್ನೂ ಮಾತು ಬಸುರಿ ಬಾಯಾಗ ಬರಬಾರದು. ಮನ್ಯಾಗ ವಾಸ್ತಪ್ಪ ಕುಂತಿರತಾನ. ನೀ ಅಂದದ್ದಕ್ಕ ಅವ ಅಸ್ತು ಅಂದುಬಿಡ್ತಾನ."

ವಾಸ್ತಪ್ಪ ನಮ್ಮ ಮನೆಯ ಮಾಡಿನಲ್ಲೆಲ್ಲೋ ಇದ್ದಾನೆ ಎಂದು ಅತ್ತೆಯ ನಂಬಿಕೆ. ಒಳ್ಳೆಯದೋ ಕೆಟ್ಟದ್ದೋ, ಮನೆಯವರು ಆಡಿದ ಮಾತಿಗೆ ಅವನು ಅಸ್ತು ಎನ್ನುತ್ತಾನೆ, ಹಾಗೆಯೇ ಆಗುತ್ತದೆ. ನಾನು ಇಂಜಿನಿಯರಿಂಗ್ ಓದಿದವಳು. ಹಾಗಂತ ವಾಸ್ತಪ್ಪನ ಎದುರಿಗೆ ಬಾಯಿ ಬಿಡುವಷ್ಟು ಓದಿರಲಿಲ್ಲ.

ಮೂರು ವರ್ಷದ ಹಿಂದೆ ನನ್ನ ಮೊದಲ ಕೂಸು ಹೋಯಿತು. ಆಗಲೂ ಇದೇ ರಕ್ತದ ಜಗಳ, ಮೊದಲ ಬಸಿರಿನಲ್ಲೇ ಹೀಗಾಗುವುದು ಅಪರೂಪವಂತೆ, ಆದರೆ ನಮಗೆ ಗೊತ್ತಿರಲಿಲ್ಲ. ಗೊತ್ತಾಗಬೇಕಾದರೆ ರಕ್ತ ಪರೀಕ್ಷೆ ಮಾಡಿಸಬೇಕಿತ್ತು. ಪರೀಕ್ಷೆಗೆ ಸೂಜಿ ಚುಚ್ಚಿಸಿಕೊಳ್ಳಬೇಕಿತ್ತು. "ಆರಾಮ ಅದೀನಿ, ಯಾಕ ಬೇಕ್ರಿ ಪರೀಕ್ಷಾ" ಎಂದು ಮೂರು ಸಲ ಆಸ್ಪತ್ರೆಯ ಬಾಗಿಲಿನಿಂದ ವಾಪಸು ಬಂದವಳು ನಾನೇ. ಏಳನೇ ತಿಂಗಳಲ್ಲಿ ಕುಬಸ ಮಾಡಿದರು. ಹಸಿರು ಸೀರೆ ಉಡಿಸಿ, ಮೊಣಕೈವರೆಗೂ ಹಸಿರು ಬಳೆ ಇಡಿಸಿ, ಓಣಿಯ ಹೆಂಗಸರೆಲ್ಲ ಉಡಿ ತುಂಬಲು ಬಂದರು. ಅಂದು ಬೆಳಿಗ್ಗೆಯಿಂದ ಕೂಸು ಮಿಸುಕಿರಲಿಲ್ಲ. "ಅತ್ತಿ, ಕೂಸು ಹೊಳ್ಳವಲ್ದು," ಎಂದೆ. "ಶ್! ಇವತ್ತಿನ ದಿನ ಹಂಗ ಅನಬಾರದು," ಎಂದು ಅತ್ತೆ ನನ್ನ ಬಾಯಿಯ ಮೇಲೆ ಕೈಯಿಟ್ಟರು. ಆಮೇಲೆ ಬಂದವರೆಲ್ಲ ಕುಂಕುಮ ಹಚ್ಚುತ್ತ ಕೇಳಿದರು, ಆರಾಮೇನವಾ? ನಾನು ಆರಾಮ್ರಿ ಎಂದೆ. ನಲವತ್ತು ಮಂದಿ ಬಂದಿದ್ದರು. ನಲವತ್ತು ಸಲ ಎಂದೆ. ಮಾರನೆಯ ದಿನ ಆಸ್ಪತ್ರೆಗೆ ಹೋದಾಗ ಕೂಸು ಇರಲಿಲ್ಲ.

ಆ ದಿನದ ನಂತರ ನನ್ನ ಮೈಯೇ ನನಗೆ ನಂಬಿಕೆಯ ವಸ್ತುವಾಗಿ ಉಳಿಯಲಿಲ್ಲ. ದಿನಕ್ಕೆ ಇಪ್ಪತ್ತು ಸಲ ನಾಡಿ ಹಿಡಿದು ನೋಡುತ್ತೇನೆ. ತಲೆ ನೋವಾದರೆ ಮಿದುಳು, ಎದೆ ಉರಿದರೆ ಹೃದಯ. ಈ ಸಲ ಬಸಿರು ನಿಂತದ್ದು ಗೊತ್ತಾದಂದೇ ಹೋಗಿ ರಕ್ತ ಕೊಟ್ಟೆ, ಕೊಟ್ಟು ಅಲ್ಲಿಯೇ ಕಣ್ಣು ಕತ್ತಲಿಟ್ಟು ಬಿದ್ದೆ. ಕೂಸು ಒದೆಯುವುದನ್ನು ಗಂಟೆಗಂಟೆಗೆ ಎಣಿಸುತ್ತೇನೆ. ಎಣಿಕೆ ಕಡಿಮೆಯಾದರೆ ಅಂಜಿಕೆ, ಜಾಸ್ತಿಯಾದರೆ ಅದು ಒದ್ದಾಡುತ್ತಿದೆಯೇನೋ ಎಂದು ಅಂಜಿಕೆ.

ಮಂಗಳವಾರವಿಡೀ ಮನೆಯಲ್ಲಿ ನನಗೆ ಧೈರ್ಯದ ತರಬೇತಿ ನಡೆಯಿತು. ಶಿವಯೋಗಿ ಹೈಸ್ಕೂಲಿನ ಗಣಿತದ ಮೇಷ್ಟ್ರು. ರಜೆ ಹಾಕಿ ನನ್ನ ಎದುರು ಕುರ್ಚಿ ಹಾಕಿಕೊಂಡು ಕುಳಿತ.

"ನೋಡು, ಸೂಜಿಯಿಂದ ತೊಂದ್ರಿ ಆಗೂದು ನೂರಕ್ಕ ಒಂದು. ಒಂದ! ತೊಂಬತ್ತೊಂಬತ್ತು ನಿನ್ನ ಕಡೀಗೆ ಅದಾವು."

"ಆ ಒಂದು ನಾನ ಇದ್ರ?"

"ನೀ ಯಾಕ ಇರ್ತೀ?"

"ಯಾರಾರ ಒಬ್ರು ಇರಬೇಕಲ್ಲರಿ."

ನನ್ನ ಕೈ ಹಿಡಿದುಕೊಂಡ. ಅವನ ಅಂಗೈಯೂ ಒದ್ದೆಯಾಗಿತ್ತು. ಮೂಗಿನ ಒಂದು ಹೊಳ್ಳೆ ಮುಚ್ಚಿ ಉಸಿರಾಡು ಎಂದ, ಆಡಿದೆ. ನೀರು ಹರಿಯುವ ಸದ್ದನ್ನು ಫೋನಿನಲ್ಲಿ ಹಾಕಿದ. ನೀರಿನ ಇಲಾಖೆಯಲ್ಲಿ ಕೆಲಸ ಮಾಡುವವಳಿಗೆ ನೀರಿನ ಸದ್ದು ಕೇಳಿಸಿದರೆ ಎಲ್ಲಿ ಪೈಪು ಒಡೆಯಿತೋ ಎಂಬ ಯೋಚನೆ. ಅತ್ತೆ ಮಗ್ಗದಿಂದ ಎದ್ದು ಬಂದು ಹಾಲು ಕುಡಿಸಿ, ಹಣೆಗೆ ವಿಭೂತಿ ಹಚ್ಚಿ, "ಕೇಳಿದ್ರ ಆರಾಮ ಅದೀನಿ ಅಂತ ಗಟ್ಟಿ ದನಿಲೆ ಹೇಳು. ಗಟ್ಟಿ ಹೇಳಿದ್ರ ಮನಸ್ಸೂ ಗಟ್ಟಿ ಆಗತೈತಿ," ಎಂದರು.

ಬುಧವಾರ ಹಾಗೆಯೇ ಮಾಡಿದೆ. ಮೇಜಿನ ಮೇಲೆ ಮಲಗಿ ಕಣ್ಣು ಮುಚ್ಚಿದೆ, ಉಸಿರು ಎಣಿಸಿದೆ, ಇಷ್ಟದೇವರನ್ನು ನೆನೆದೆ. ಅಂಕಿ ಐವತ್ತೆರಡಕ್ಕೆ ಇಳಿದಿದೆ ಎಂದು ಡಾಕ್ಟರು ಹುರುಪಿನಿಂದ ಹೇಳಿದರು. ತಣ್ಣನೆಯ ಸ್ಪಿರಿಟ್ಟು ಹೊಟ್ಟೆಗೆ ತಾಗಿತು.

"ಆರಾಮ ಇದ್ದೀರೇನ್ರಿ?"

"ಆರಾಮ್ರಿ!" ಎಂದೆ, ಪಕ್ಕದ ವಾರ್ಡಿಗೂ ಕೇಳಿಸುವಂತೆ.

ಟಕ್.

ಈ ಸಲ ಖುಷಿಯಾಗಲಿಲ್ಲ. ಕೂಸು ಒಳಗಿನಿಂದ ಒಮ್ಮೆ ಮೆತ್ತಗೆ ಒದ್ದಿತು. ಆ ಒದೆ ಸೋಮವಾರದ್ದಕ್ಕಿಂತ ಬಲಹೀನವಾಗಿತ್ತು, ಅದು ನನ್ನ ಭ್ರಮೆಯಾಗಿರಲಿಲ್ಲ. ಡಾಕ್ಟರು ಸ್ಕ್ಯಾನ್ ಮಾಡಿ ನೋಡಿ, "ಶುಕ್ರವಾರ," ಎಂದಷ್ಟೇ ಹೇಳಿ ನನ್ನ ಹೆಗಲ ಮೇಲೆ ಕೈಯಿಟ್ಟರು. ಮುಂಚೆ ಅವರು ಎಂದೂ ಹಾಗೆ ಕೈಯಿಟ್ಟವರಲ್ಲ. ನನಗೆ ನನ್ನ ಮೇಲೆಯೇ ಅಸಹ್ಯ ಹುಟ್ಟಿತು. ನನ್ನ ರಕ್ತ ಕೂಸನ್ನು ಹೊಡೆಯುತ್ತಿದೆ, ನನ್ನ ಅಂಜಿಕೆ ಬಾಗಿಲಿಗೆ ಕೀಲಿ ಹಾಕುತ್ತಿದೆ, ಇನ್ನು ಈ ಕೂಸಿಗೆ ನನಗಿಂತ ದೊಡ್ಡ ಶತ್ರು ಯಾರಿದ್ದಾರೆ? ಅಂಜಬಾರದು ಎಂದುಕೊಂಡಷ್ಟೂ ಅಂಜಿದೆನೇನೋ ಎಂಬ ಅಂಜಿಕೆ. ಇದಕ್ಕೆ ತಳವೇ ಇರಲಿಲ್ಲ.

ಗುರುವಾರ ಮನೆಯಲ್ಲಿ ಕೂರಲಾಗದೆ ಆಫೀಸಿಗೆ ಹೋದೆ. ನಮ್ಮದು ಕುಡಿಯುವ ನೀರಿನ ನಿಯಂತ್ರಣ ಕೊಠಡಿ. ನದಿಯ ನೀರು ನಲವತ್ತು ಹಳ್ಳಿಗೆ ಹೋಗುವ ದಾರಿಯಲ್ಲಿ ಹನ್ನೊಂದು ಪಂಪ್‌ಹೌಸುಗಳಿವೆ, ಎಲ್ಲದರ ಒತ್ತಡವೂ ನಮ್ಮ ಗೋಡೆಯ ಮೇಲೆ ಕಾಣುತ್ತದೆ. ಅಲ್ಲಿ ನನಗೆ ಅಂಜಿಕೆಯಾಗುವುದಿಲ್ಲ. ಎಷ್ಟು ದೊಡ್ಡ ಪೈಪು ನಡುಗಿದರೂ ನಾಡಿ ಏರುವುದಿಲ್ಲ.

ಹನ್ನೊಂದು ಗಂಟೆಗೆ ನಾಲ್ಕನೆಯ ಪಂಪ್‌ಹೌಸಿನಿಂದ ಶೇಖಪ್ಪ ಫೋನು ಮಾಡಿದ. ಅವನು ಅಲ್ಲಿನ ಹಳೆಯ ಆಪರೇಟರು, ಇನ್ನೆರಡು ವರ್ಷಕ್ಕೆ ನಿವೃತ್ತಿ.

"ಮೇಡಂ, ವಾಲ್ವ್ ಕೀಲಿ ಬಿದ್ದೇತ್ರಿ. ಒತ್ತಡ ಭಾಳ ಆಗೇತಿ, ಅದಕ್ಕ ಬಿದ್ದೇತಿ."

ಗೋಡೆ ನೋಡಿದೆ. "ದಿನಾ ಆರು ಇರತೈತಿ, ಇವತ್ತ ಒಂಬತ್ತು ಐತಿ. ಒಂಬತ್ತಕ್ಕ ಕೀಲಿ ಬೀಳೂದಿಲ್ಲ ಶೇಖಪ್ಪಾರ, ಹದಿನಾಲ್ಕರ ತನಕ ಅದು ತಡೀತೈತಿ. ನೀವು ಏನ ಬರದೀರಿ?"

"ದಿನಾ ಬರಿಯೂದನ್ನ ಬರದೀನ್ರಿ."

ನಮ್ಮಲ್ಲಿ ಒಂದು ಪದ್ಧತಿಯಿದೆ. ಮಾಪಕಕ್ಕೆ ಕಸ ಕಟ್ಟಿಕೊಂಡು ಅದು ಸುಳ್ಳು ಹೇಳುವುದುಂಟು. ಹಾಗಾಗಿ ಆಪರೇಟರು ಗಂಟೆಗೊಮ್ಮೆ ಪೈಪಿನ ಹತ್ತಿರ ಹೋಗಿ, ಮುಟ್ಟಿ ನೋಡಿ, ಕಂಡದ್ದನ್ನು ತನ್ನ ಮಾತಿನಲ್ಲಿ ಬರೆಯಬೇಕು. ಕಂಪ್ಯೂಟರು ಎರಡನ್ನೂ ಹೋಲಿಸುತ್ತದೆ. ತಾಳೆಯಾದರೆ ವಾಲ್ವ್ ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ.

"ಯಥಾಪ್ರಕಾರ, ಅಂತ ಬರದೀನ್ರಿ," ಎಂದ ಶೇಖಪ್ಪ ಕೊನೆಗೆ.

"ಪೈಪು ಹೆಂಗೈತಿ?"

"ಗಡಗಡ ನಡಗಾಕತ್ತೈತ್ರಿ."

"ನಡಗೂ ಪೈಪು ಯಥಾಪ್ರಕಾರ ಹೆಂಗಾತ್ರಿ?"

"ಹನ್ನೆರಡು ವರ್ಷದಿಂದ ಅದನ್ನ ಬರಕೋತ ಬಂದೀನ್ರಿ ಮೇಡಂ, ಕೈ ತಾನ ಬರದುಬಿಡತೈತಿ. ಮತ್ತ ನಡಗಾಕತ್ತೈತಿ ಅಂತ ಬರದ್ರ, ಸಾಹೇಬ್ರು ನನಗ ಬೈತಾರಲ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ನಾಲ್ಕು ದಿನದಿಂದ ನುಂಗಿಕೊಂಡದ್ದೆಲ್ಲ ಪಾಪ ಶೇಖಪ್ಪನ ಮೇಲೆ ಹೋಯಿತು.

"ಒತ್ತಡಕ್ಕ ಕೀಲಿ ಬಿದ್ದಿಲ್ಲರೀ! ನೀವು ಸುಳ್ಳ ಬರದದ್ದಕ್ಕ ಬಿದ್ದೈತಿ! ಒತ್ತಡ ಎಷ್ಟರ ಇರಲಿ, ಇದ್ದದ್ದನ್ನ ಇದ್ದಾಂಗ ಹೇಳ್ರಿ, ಅದು ತಗಿತೈತಿ!"

ಹೇಳಿದವಳು ಹಾಗೆಯೇ ಫೋನು ಹಿಡಿದುಕೊಂಡು ಕುಳಿತೆ. ಪರದೆಯ ಕೆಂಪು ಅಕ್ಷರಗಳು ಕಣ್ಣ ಮುಂದೆ ಬಂದವು. ತಾಯಿಯ ಅಂಜಿಕೆ ಹೆಚ್ಚಾಗಿದೆ ಎಂದು ಅದು ಎಂದೂ ಬರೆದಿರಲಿಲ್ಲ. ತಾಯಿಯ ಹೇಳಿಕೆ ದೃಢಪಟ್ಟಿಲ್ಲ ಎಂದು ಬರೆದಿತ್ತು. ಎರಡು ಸಲವೂ.

ಅಷ್ಟರಲ್ಲಿ ಶೇಖಪ್ಪ ಬರೆದದ್ದು ನನ್ನ ಗೋಡೆಯ ಮೇಲೆ ಮೂಡಿತು: ಒತ್ತಡ ಒಂಬತ್ತು, ಪೈಪು ನಡುಗುತ್ತಿದೆ, ನನಗೆ ಹೆದರಿಕೆ ಆಗಿದೆ. ನಾಲ್ಕನೆಯ ವಾಲ್ವಿನ ಕೆಂಪು ದೀಪ ಹಸಿರಾಯಿತು.

ಡಾಕ್ಟರ್ ಶಾಹೀನ್ ಅವರಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ಸೂಜಿ ಒಳಗ ಹೋದ ಮ್ಯಾಲೆ ಅದಕ್ಕ ನಿಮ್ಮ ಮಾತ ಆಧಾರ," ಎಂದರು ನಿಧಾನವಾಗಿ. "ನಿಮ್ಮ ಮಾತು ನಂಬಬೇಕೋ ಬ್ಯಾಡೋ ಅಂತ ಮೊದಲ ಪರೀಕ್ಷಾ ಮಾಡ್ತಿರಬೇಕು. ಮೈ ನಡಗ್ತಿರ್ತದ, ಬಾಯಿ ಆರಾಮ ಅಂತದ... ಇರ್ರಿ, ಇರ್ರಿ. ಬೆಂಗಳೂರಾಗ ಅದು 'ಈಗ ನಿಮಗೆ ಹೇಗನಿಸುತ್ತಿದೆ' ಅಂತ ಕೇಳ್ತದ. ನಮ್ಮ ಮಂದಿಗೆ ಅದು ಪರಕೀಯ ಅನಸ್ತದ, ಮನಿಯವರು ಕೇಳಿದಾಂಗ ಕೇಳ್ಲಿ ಅಂತ 'ಆರಾಮ ಇದ್ದೀರೇನ್ರಿ' ಮಾಡ್ಸಿದ್ದು ನಾನ." ಅವರ ದನಿ ಇಳಿಯಿತು. "ನಮ್ಮ ಕಡೆ ಆರಾಮೇನ್ರಿ ಅಂದ್ರ ಯಾರರ ಇಲ್ಲ ಅಂತಾರೇನು? ಸಾಯೂ ಮನಷಾನೂ ಆರಾಮ್ರಿ ಅಂತಾನ."

"ಪ್ರಶ್ನೆ ಬದಲಿ ಮಾಡಾಕ ಬರತೈತೇನ್ರಿ?"

"ಕಂಪನಿಯವರಿಗೆ ಬರದು ಅದು ಬದಲಾಗೂದ್ರಾಗ ಹದಿನೈದು ದಿನ. ನಮಗ ಅಷ್ಟು ದಿನ ಇಲ್ಲ." ಆಮೇಲೆ ಅವರೇ ಕೇಳಿದರು, "ದಾಕ್ಷಾಯಿಣಿ, ನಾವಿಬ್ರೂ ತಿಳ್ಕೊಂಡದ್ದು ತಪ್ಪಾಗಿದ್ರ? ಅಂಜಿಕಿ ಬಿಚ್ಚಿ ಹೇಳಿ, ಅಂಕಿ ಏರಿ, ಅದಕ್ಕ ಕೀಲಿ ಬಿದ್ರ?"

ನನ್ನ ಹತ್ತಿರ ಶೇಖಪ್ಪನ ಹಸಿರು ದೀಪವೊಂದೇ ಇತ್ತು.

ಸಂಜೆ ಮನೆಗೆ ಬಂದು ಅತ್ತೆಯ ಮಗ್ಗದ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಹೇಳಿದೆ. ನಾಳೆ ಅಲ್ಲಿ ನಾನು ಆರಾಮ ಎನ್ನುವುದಿಲ್ಲ, ಇದ್ದದ್ದನ್ನು ಹೇಳುತ್ತೇನೆ ಎಂದೆ. ಲಾಳಿ ಅವರ ಕೈಯಲ್ಲಿಯೇ ಉಳಿಯಿತು.

"ಏನಂತ ಹೇಳ್ತೀ?"

"ಅಂಜಿಕಿ ಆಗೇತಿ ಅಂತ. ಕೂಸು ಸತ್ತುಹೋಗತೈತಿ ಅಂತ ಅಂಜಿಕಿ ಆಗೇತಿ ಅಂತ."

"ಬಿಡ್ತು ಅನ್ನು!" ಅತ್ತೆ ಕೂಗಿದರು. "ಬಿಡ್ತು ಅನ್ನು ಮೊದಲ. ಸೂಜಿ ಹೊಟ್ಟಿ ಮ್ಯಾಲೆ ಇದ್ದಾಗ ಅಂಥಾ ಮಾತು ಆಡ್ತೀಯೇನು? ನಿನಗ ತಲಿ ಕೆಟ್ಟೈತೇನು?"

"ಅತ್ತಿ, ಕುಬಸದ ದಿನಾ ನಾ ಹೇಳಿದ್ದೆ."

ಹೇಳಬಾರದೆಂದು ಮೂರು ವರ್ಷದಿಂದ ಹಿಡಿದಿಟ್ಟ ಮಾತು. ಹೊರಗೆ ಬಂದುಬಿಟ್ಟಿತು. ಅತ್ತೆ ಮಗ್ಗದ ಕುಣಿಯಲ್ಲಿ ಹಾಗೆಯೇ ಕುಳಿತರು. ನೇಯುವ ಹೆಂಗಸಿನ ಬೆರಳು ಸುಮ್ಮನಿರುವುದಿಲ್ಲ. ಹರಿಯದ ಎಳೆಯೊಂದನ್ನು ಸುಮ್ಮನೆ ಹೊಸೆಯುತ್ತಿದ್ದವು.

"ಹೇಳಿದ್ದಿ," ಎಂದರು. "ಹೇಳಿದ್ದಿ. ನಾನ ನಿನ್ನ ಬಾಯಿ ಮುಚ್ಚಿಸಿದೆ. ಅವತ್ತ ಹೋಗಿದ್ರ ಉಳೀತಿತ್ತೇನೋ. ದಿನಾ ಈ ಮಗ್ಗದ ಮುಂದ ಕುಂತು ಅದನ್ನ ನೆನಸ್ತೀನಿ." ಸೆರಗಿನಿಂದ ಮುಖ ಒರೆಸಿಕೊಂಡರು. "ನನಗೂ ಅವತ್ತ ಅಂಜಿಕಿ ಆಗಿತ್ತು ದಾಕ್ಷಿ. ಆಡಿದ್ರ ಖರೇ ಆಗತೈತಿ ಅಂತ ಅಂಜಿಕಿ. ಆಡಲಿಲ್ಲ, ಆದ್ರೂ ಖರೇ ಆತು."

ನಾಳೆ ಹೇಳು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಎದ್ದು ಹೋಗಿ ಒಲೆಯ ಮೇಲೆ ಹಾಲಿಟ್ಟರು. ಹಾಲು ಉಕ್ಕುವವರೆಗೂ ಅಲ್ಲಿಯೇ ನಿಂತಿದ್ದರು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಮೂರನೆಯ ಸಲ ಆ ಮೇಜಿನ ಮೇಲೆ ಮಲಗಿದೆ. ಬಾಗಿಲಿನ ಹೊರಗೆ ಬೆಂಚಿನ ಮೇಲೆ ಅತ್ತೆ ಮತ್ತು ಶಿವಯೋಗಿ. ಸ್ಕ್ಯಾನಿನಲ್ಲಿ ಕೂಸಿನ ಎದೆಬಡಿತ ಇತ್ತು, ಆದರೆ ಕೂಸು ಅಲುಗುತ್ತಿರಲಿಲ್ಲ. ರಕ್ತದ ಚೀಲ ನೇತುಹಾಕಿದ್ದರು. ಅಷ್ಟು ಚಿಕ್ಕ ಚೀಲ, ಒಂದು ಲೋಟ ಚಹಾದಷ್ಟೂ ಇಲ್ಲ.

ತೋಳು ಗುಂಯ್ ಎನ್ನುತ್ತ ಇಳಿಯಿತು. ಸೂಜಿ ಗೇಣು ದೂರದಲ್ಲಿ ನಿಂತಿತು. ಬೆವರು ಕಿವಿಯೊಳಗೆ ಇಳಿಯುತ್ತಿತ್ತು.

"ಆರಾಮ ಇದ್ದೀರೇನ್ರಿ?"

"ಆರಾಮ್ರಿ."

ಅಯ್ಯೋ ದೇವರೆ. ನಾಲಿಗೆ ತಾನೇ ಹೇಳಿಬಿಟ್ಟಿತು. ಶೇಖಪ್ಪನ ಕೈ ತಾನೇ ಬರೆದುಬಿಟ್ಟಂತೆ. ಹುಟ್ಟಿದಾಗಿನಿಂದ ಈ ಪ್ರಶ್ನೆಗೆ ಇನ್ನೊಂದು ಉತ್ತರ ಕೊಟ್ಟು ಗೊತ್ತಿದ್ದರೆ ತಾನೆ! ಸೂಜಿ ಅಲುಗಿತು. ಹಿಂದೆ ಸರಿಯತೊಡಗಿತು.

"ಅಲ್ಲ! ಅಲ್ಲ, ನಿಲ್ಲು! ಸುಳ್ಳ ಹೇಳಿದೆ!" ಕಿರುಚಿದೆ. "ಆರಾಮ ಇಲ್ಲ! ನನಗ ಅಂಜಿಕಿ ಆಗೇತಿ. ಭಾಳ ಅಂಜಿಕಿ ಆಗೇತಿ. ಸೂಜಿ ನೋಡಿದ್ರ ವಾಂತಿ ಬರತೈತಿ. ಕೈಕಾಲು ತಣ್ಣಗಾಗ್ಯಾವು. ನೀ ಚುಚ್ಚಿದ ಕೂಡ್ಲೆ ಕೂಸು ಸಾಯ್ತೈತಿ ಅಂತ ಅಂಜಿಕಿ, ಚುಚ್ಚದಿದ್ರೂ ಸಾಯ್ತೈತಿ ಅಂತ ಅಂಜಿಕಿ. ಮೊದಲಿನ ಕೂಸು ನನ್ನ ಸುಳ್ಳಿನಿಂದ ಹೋತು. ನಲವತ್ತು ಮಂದಿಗೆ ಆರಾಮ ಅಂದೆ, ಆರಾಮ ಇರಲಿಲ್ಲ. ಕೇಳಾಕತ್ತೀಯೇನು? ಇರಲಿಲ್ಲ! ಈಗೂ ಇಲ್ಲ!"

ದನಿ ಒಡೆದು ಅಳು ಬಂತು. ಪರದೆಯ ಮೇಲೆ ಅಂಕಿ ಏರುವುದು ಕಣ್ಣೀರಿನ ನಡುವೆಯೂ ಕಾಣುತ್ತಿತ್ತು. ಎಂಬತ್ತು. ಎಂಬತ್ತೆಂಟು. ತೊಂಬತ್ತನಾಲ್ಕು. ನಾನು ಟಕ್ ಎಂಬ ಸದ್ದಿಗಾಗಿ ಕಾದೆ. ಆ ಕಾಯುವಿಕೆಯಂಥ ಅಂಜಿಕೆಯನ್ನು ನಾನು ಜನ್ಮದಲ್ಲಿ ಕಂಡಿಲ್ಲ.

ಟಕ್ ಬರಲಿಲ್ಲ.

ಪರದೆಯ ಅಕ್ಷರಗಳು ಹಸಿರಾದವು: ತಾಯಿಯ ಹೇಳಿಕೆ ದೃಢಪಟ್ಟಿದೆ. ಸೂಜಿ ಮತ್ತೆ ಕೆಳಗಿಳಿಯಿತು. "ಈಗ ಚುಚ್ಚುತ್ತೇನೆ. ಏನೇ ಆದರೂ ಹೇಳುತ್ತಿರಿ," ಎಂದಿತು ಯಂತ್ರ.

ಹೇಳಿದೆ. ಉರಿ ಎಂದೆ, ಚುಚ್ಚಿತು ಎಂದೆ, ಅಯ್ಯೋ ಎಂದೆ, ಶಿವನೇ ಎಂದೆ. ನನಗೆ ತಿಳಿದ ಬೈಗುಳಗಳನ್ನೂ ಹೇಳಿದೆ. ಸೂಜಿ ಒಂದೊಂದೇ ಪದರ ದಾಟಿ ಒಳಗೆ ಹೋಗುತ್ತಿತ್ತು. ಬಳ್ಳಿಯ ಹತ್ತಿರ ಬಂತು ಎಂದು ಡಾಕ್ಟರು ಪಿಸುಗುಟ್ಟಿದರು. ಆಗ ಎಡಗಡೆ ಆಳದಲ್ಲಿ ಏನೋ ಹಿಡಿದಂತಾಯಿತು. ಸಣ್ಣದು, ಹೊಟ್ಟೆನೋವು ಶುರುವಾಗುವ ಮುಂಚಿನ ಎಳೆತದಷ್ಟೇ. ಬೇರೆ ದಿನವಾಗಿದ್ದರೆ ಇಷ್ಟಕ್ಕೆಲ್ಲ ಏನು ಹೇಳುವುದು ಎಂದು ಹಲ್ಲು ಕಚ್ಚುತ್ತಿದ್ದೆ.

"ಎಡಕ್ಕ ಬಿಗದಾಂಗ ಆಗಾಕತ್ತೈತಿ," ಎಂದೆ.

ಸೂಜಿ ಅಲ್ಲಿಯೇ ಕಲ್ಲಾಯಿತು.

"ಸ್ಕ್ಯಾನಿನಾಗ ಏನೂ ಕಾಣವಲ್ದು," ಎಂದರು ಡಾಕ್ಟರು. ಅವರು ಹೇಳಿ ಮುಗಿಸುವಷ್ಟರಲ್ಲಿ ಪರದೆಯಲ್ಲಿ ಗರ್ಭಕೋಶದ ಗೋಡೆ ಎಡಬದಿಯಿಂದ ಉಬ್ಬಿ ಬಂದು, ಬಳ್ಳಿಯನ್ನು ಒಂದು ಬೆರಳಿನಷ್ಟು ಪಕ್ಕಕ್ಕೆ ತಳ್ಳಿತು. ಸೂಜಿ ಮುಂದೆ ಹೋಗಿದ್ದರೆ ಎಲ್ಲಿ ತಾಗುತ್ತಿತ್ತು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಯಂತ್ರ ಕಾಯಿತು. ಬಿಗಿತ ಸಡಿಲವಾಯಿತು, ಅದನ್ನೂ ಹೇಳಿದೆ. ಆಮೇಲೆ ಅದು ಬಳ್ಳಿಯನ್ನು ಹುಡುಕಿಕೊಂಡು ಹೋಗಿ ಮುಟ್ಟಿತು. ಚೀಲದ ರಕ್ತ ಹನಿಹನಿಯಾಗಿ ಇಳಿಯತೊಡಗಿತು.

ಇಪ್ಪತ್ತೆರಡು ನಿಮಿಷ. ಅಷ್ಟು ಹೊತ್ತೂ ಅಂಕಿ ತೊಂಬತ್ತರಿಂದ ಕೆಳಗೆ ಬರಲಿಲ್ಲ.

ಸೂಜಿ ಹೊರಗೆ ಬಂದ ಮೇಲೆ ಡಾಕ್ಟರ್ ಶಾಹೀನ್ ನನ್ನ ಹೊಟ್ಟೆಯ ಮೇಲೆ ಸ್ಕ್ಯಾನಿನ ಹಿಡಿಕೆಯಿಟ್ಟು ನೋಡುತ್ತ ನಿಂತರು. ಹೊರಗೆ ಯಾರೋ ಕೆಮ್ಮಿದ್ದು ಕೇಳಿಸಿತು. ಬಹಳ ಹೊತ್ತು ಏನೂ ಇಲ್ಲ. ಕುಬಸದ ದಿನದಂಥದೇ ಮೌನ ನನ್ನ ಹೊಟ್ಟೆಯಲ್ಲಿ. ಆಮೇಲೆ ಬಲಗಡೆ, ಪಕ್ಕೆಲುಬಿನ ಕೆಳಗೆ, ಒಂದು ಒದೆ ಬಿತ್ತು. ನಾನು ಕೂಗಿಕೊಳ್ಳುವಷ್ಟು ಜೋರಾದ ಒದೆ.

"ಇದು ಒಂದ ಸಲಕ್ಕ ಮುಗಿಯೂದಿಲ್ಲ," ಎಂದರು ಡಾಕ್ಟರು ಕಣ್ಣೊರೆಸಿಕೊಳ್ಳುತ್ತ. "ಹದಿನೈದು ದಿನಕ್ಕ ಮತ್ತ ಬರಬೇಕು. ಅದಾದ ಮ್ಯಾಲೆ ಮತ್ತೊಮ್ಮೆ. ಅಂಜಿಕಿ ಆಗ್ತದ ಅಲ್ಲ?"

"ಆಗತೈತ್ರಿ," ಎಂದೆ.

ಹಾಸಿಗೆಯ ಸಮೇತ ನನ್ನನ್ನು ಹೊರಗೆ ತಳ್ಳಿಕೊಂಡು ಬಂದರು. ಶಿವಯೋಗಿ ಓಡಿ ಬಂದು ನನ್ನ ಕಾಲು ಹಿಡಿದುಕೊಂಡ, ಅವನಿಗೆ ಕೈ ಯಾವುದು ಕಾಲು ಯಾವುದು ತಿಳಿದಿರಲಿಲ್ಲ. ಬೆಂಚಿನ ಮೇಲೆ ನನ್ನ ಮುಂದಿನ ಸರದಿಯ ಹುಡುಗಿಯೊಬ್ಬಳು ತುಂಬಿದ ಹೊಟ್ಟೆ ಹೊತ್ತು ಕುಳಿತಿದ್ದಳು. ಅವಳ ಪಕ್ಕದಲ್ಲಿದ್ದ ಹೆಂಗಸು ನನ್ನನ್ನು ನೋಡಿ ವಾಡಿಕೆಯಂತೆ ಕೇಳಿದಳು, "ಆರಾಮೇನವಾ?"

ನಾನು ಅತ್ತೆಯ ಕಡೆ ನೋಡಿದೆ. ನನ್ನ ಕೂಗಾಟವೆಲ್ಲ ಬಾಗಿಲಿನಾಚೆಗೆ ಅವರಿಗೆ ಕೇಳಿಸಿತ್ತು, ಅವರ ಮುಖದ ಮೇಲೆಯೇ ಗೊತ್ತಾಗುತ್ತಿತ್ತು. ಅವರ ಕೈ ಮೇಲೆದ್ದಿತು. ನನ್ನ ಬಾಯಿ ಮುಚ್ಚಲೇನೋ ಎಂದುಕೊಂಡೆ. ಅದು ನನ್ನ ಹಣೆಯ ಮೇಲಿನ ಬೆವರು ಒರೆಸಿತು.

"ಹೇಳವ್ವಾ," ಎಂದರು ಅತ್ತೆ. "ಇದ್ದದ್ದನ್ನ ಹೇಳು."

"ಅಂಜಿಕಿ ಐತ್ರಿ," ಎಂದೆ. "ಕೂಸೂ ಐತಿ."